ಮಕ್ಕಳ ಆಟದಲ್ಲಿ ಅಪಾಯದ ಪಾಲು

“ಇಳಿಯೋ, ಬಿದ್ದೀಯೆ!” ಎಂಬ ಕೂಗು ಕೇಳಿಬಾರದ ಮನೆ ನಮ್ಮ ಪಟ್ಟಣಗಳಲ್ಲಿ ವಿರಳವೆಂದೇ ಹೇಳಬೇಕು. ಮಗು ಏರಿರುವುದು ಹಿತ್ತಲಿನ ಸೀಬೆಯ ಮರವಾಗಿರಬಹುದು, ಕಾಂಪೌಂಡು ಗೋಡೆಯಾಗಿರಬಹುದು, ಬರಿಯ ಒಂದು ಮೇಜಾಗಿರಬಹುದು. ಕೂಗು ಮಾತ್ರ ಒಂದೇ. ಕೂಗುವವರ ಮನಸ್ಸಿನಲ್ಲಿರುವುದು ವಾತ್ಸಲ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಾತ್ಸಲ್ಯದಿಂದ ಹೊರಟ ಮಾತೆಲ್ಲವೂ ಮಗುವಿಗೆ ಹಿತವನ್ನೇ ಮಾಡುವುದೆಂಬ ನಿಯಮವೇನೂ ಇಲ್ಲ. ಮರ ಹತ್ತುವುದು, ಮೊಳೆ ಹೊಡೆಯುವುದು, ಬೆಂಕಿ ಹೊತ್ತಿಸುವುದು, ಹಿರಿಯರ ಕಣ್ಣಿಗೆ ಬೀಳದೆ ಒಂದು ಗಳಿಗೆ ಅಡಗಿರುವುದು ಮುಂತಾದ, ತುಸು ಭಯವೂ ತುಸು ಅಪಾಯವೂ ಬೆರೆತ ಆಟಗಳಿಂದ ಮಕ್ಕಳ ಬುದ್ಧಿಗೂ ಧೈರ್ಯಕ್ಕೂ ಏನಾಗುವುದೆಂಬ ವಿಷಯವಾಗಿ ಎಂಬತ್ತು ವರ್ಷಗಳಿಗೂ ಮೇಲ್ಪಟ್ಟು ಹೊರದೇಶಗಳಲ್ಲಿ ಪ್ರಯೋಗಗಳೂ ವಾದವಿವಾದಗಳೂ ನಡೆದುಬಂದಿವೆ. ಆ ಪ್ರಯೋಗಗಳಲ್ಲಿ ನನ್ನ ಎಣಿಕೆಗೆ ಎಲ್ಲಕ್ಕಿಂತ ಬೋಧಪ್ರದವಾದುದನ್ನು ಮೊದಲು ಶ್ರೋತೃಗಳ ಮುಂದಿಟ್ಟು, ಆಮೇಲೆ ಅದರಿಂದ ಹೊರಡುವ ಪ್ರಶ್ನೆಗಳನ್ನು ವಿಚಾರಮಾಡುವೆನು.

ಡೆನ್ಮಾರ್ಕ್ ದೇಶದಲ್ಲಿ ಕಾರ್ಲ್ ಥಿಯೋಡರ್ ಸೋರೆನ್‌ಸೆನ್ ಎಂಬ ಉದ್ಯಾನಶಿಲ್ಪಿಗಳಿದ್ದರು. ಮಕ್ಕಳಿಗಾಗಿ ಆಟದ ಬಯಲುಗಳನ್ನು ರಚಿಸಿಕೊಡುವುದು ಅವರ ವೃತ್ತಿಯ ಒಂದು ಭಾಗವಾಗಿತ್ತು. ತೂಗುಯ್ಯಾಲೆ, ಜಾರುಬಂಡೆ, ಮರಳಿನ ಗುಂಡಿ ಇವುಗಳನ್ನು ಅಂದವಾಗಿ ಜೋಡಿಸಿ ಅವರು ಕೊಟ್ಟ ಬಯಲುಗಳನ್ನು ಹಿರಿಯರೆಲ್ಲರೂ ಮೆಚ್ಚಿದರು. ಮಕ್ಕಳು ಮಾತ್ರ ಅಲ್ಲಿ ಸ್ವಲ್ಪ ಹೊತ್ತಿದ್ದು, ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಕಡೆಗೆ ಓಡಿಬಿಡುತ್ತಿದ್ದರು. ಅಲ್ಲಿ ಮುರಿದ ಇಟ್ಟಿಗೆ, ಹಲಗೆಯ ತುಂಡು, ತಂತಿ, ಮಣ್ಣಿನ ಗುಡ್ಡೆ, ನೀರು ತುಂಬಿದ ಪೀಪಾಯಿ ಎಲ್ಲವೂ ಇರುತ್ತಿದ್ದವು. ಕಾವಲುಗಾರನು ಬೈದು ಓಡಿಸುವವರೆಗೂ ಆಟ ಸಾಗುತ್ತಿತ್ತು. ಸೋರೆನ್‌ಸೆನ್ನರು ಇದನ್ನು ಕಂಡು ಅವಮಾನಪಡದೆ ಆಲೋಚನೆಗೆ ತೊಡಗಿದುದು ಅವರ ಹಿರಿಮೆ. 1931ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಇಂಥ ಹಳೆಯ ಸಾಮಾನುಗಳನ್ನೇ ತುಂಬಿದ ಒಂದು ಬಯಲನ್ನು ಮಕ್ಕಳಿಗೆ ಬಿಟ್ಟುಕೊಟ್ಟು ನೋಡಬೇಕೆಂದು ಅವರು ಸೂಚಿಸಿದರು. ಸೂಚನೆ ಕಾಗದದ ಮೇಲೆಯೇ ಹನ್ನೆರಡು ವರ್ಷ ಉಳಿಯಿತು.

ಅದು ಕಾರ್ಯಕ್ಕೆ ಬಂದ ಕಾಲವೂ ವಿಚಿತ್ರವಾದುದು. 1940ರಿಂದ ಡೆನ್ಮಾರ್ಕ್ ಜರ್ಮನ್ ಸೈನ್ಯದ ವಶದಲ್ಲಿತ್ತು. ಕೋಪನ್‌ಹೇಗನ್ನಿನ ಹೊರವಲಯದ ಎಂಡ್ರುಪ್ ಎಂಬಲ್ಲಿ ಕೆಲಸಗಾರರ ಸಹಕಾರ ಸಂಘವೊಂದು ಮನೆಗಳನ್ನು ಕಟ್ಟಿಸಿತ್ತು. ಆ ಮನೆಗಳ ನಡುವೆ ಸುಮಾರು ಒಂದೂವರೆ ಎಕರೆಯಷ್ಟು ಜಾಗವನ್ನು ಬಿಟ್ಟು, ಸುತ್ತಲೂ ಆಳೆತ್ತರದ ಮಣ್ಣಿನ ದಿಣ್ಣೆಯನ್ನು ಹಾಕಿ, ದಿಣ್ಣೆಯ ಮೇಲೆ ಗಿಡಗಳನ್ನು ನೆಟ್ಟು, 1943ರ ಆಗಸ್ಟ್ ತಿಂಗಳಲ್ಲಿ ಮಕ್ಕಳಿಗೆ ತೆರೆದರು. ಒಳಗೆ ಉಯ್ಯಾಲೆಯಿಲ್ಲ, ಜಾರುಬಂಡೆಯಿಲ್ಲ. ಇದ್ದುದು ಹಲಗೆ, ಇಟ್ಟಿಗೆ, ಹಗ್ಗ, ಹಳೆಯ ಚಕ್ರ, ಸುತ್ತಿಗೆ, ಗರಗಸ, ಗುದ್ದಲಿ. ದಿಣ್ಣೆಯ ಉದ್ದೇಶ ಮಕ್ಕಳನ್ನು ಕೂಡಿಹಾಕುವುದಲ್ಲ. ಒಳಗಿನ ಅಸ್ತವ್ಯಸ್ತವು ಬೀದಿಯಲ್ಲಿ ಹೋಗುವ ಹಿರಿಯರ ಕಣ್ಣಿಗೆ ಬಿದ್ದು ಅವರ ಮನಸ್ಸು ಕೆಡದಿರಲೆಂಬುದೇ ಅದರ ದೊಡ್ಡ ಉಪಯೋಗವಾಗಿತ್ತು. ಇದರಲ್ಲಿ ಲೌಕಿಕ ಜಾಣತನವುಂಟು.

ಈ ಬಯಲನ್ನು ನೋಡಿಕೊಳ್ಳಲು ಜಾನ್ ಬರ್ಟೆಲ್‌ಸೆನ್ ಎಂಬವರನ್ನು ನೇಮಿಸಿದರು. ಅವರು ಹಿಂದೆ ನಾವಿಕರಾಗಿದ್ದು ಆಮೇಲೆ ಶಿಶುಶಿಕ್ಷಣದಲ್ಲಿ ತರಬೇತಿ ಪಡೆದವರು. ಒಬ್ಬನೇ ಮನುಷ್ಯನಲ್ಲಿ ಹಗ್ಗದ ಗಂಟು ಹಾಕುವ ಕೈಯೂ ಮಕ್ಕಳ ಮನಸ್ಸನ್ನರಿಯುವ ಕಣ್ಣೂ ಕೂಡಿಬಂದುದು ಆ ಮಕ್ಕಳ ಪುಣ್ಯವೆನ್ನಬೇಕು. ಬರ್ಟೆಲ್‌ಸೆನ್ನರು ಆಟ ಕಲಿಸಲಿಲ್ಲ, ಇದನ್ನು ಕಟ್ಟಿ ಅದನ್ನು ಕಟ್ಟಿ ಎಂದು ಹೇಳಲಿಲ್ಲ. ಆರಂಭ ಮಕ್ಕಳಿಂದಲೇ ಆಗಬೇಕು. ಕೇಳಿದರೆ ಉಪಕರಣ ಕೊಡತಕ್ಕದ್ದು, ಕೇಳಿದರೆ ಮಾತ್ರ ಸಲಹೆ ಕೊಡತಕ್ಕದ್ದು ಎಂಬುದು ಅವರ ಕ್ರಮ. ಮಕ್ಕಳು ನೆಲವನ್ನು ಅಗೆದು ಗುಹೆಗಳನ್ನು ಮಾಡಿಕೊಂಡರು, ಗುಡಿಸಲುಗಳನ್ನು ಕಟ್ಟಿದರು, ಕೆಡವಿದರು, ಮತ್ತೆ ಕಟ್ಟಿದರು. ಈ ವಿದ್ಯೆಗೆ ‘ಗುಜರಿಶಾಸ್ತ್ರ’ ಎಂದು ಅರ್ಥ ಬರುವ ಹೆಸರೊಂದೂ ಬಳಕೆಗೆ ಬಂದಿತು. ಸೋರೆನ್‌ಸೆನ್ನರು ಮುಂದೆ ತಮ್ಮ ಕೃತಿಗಳನ್ನೆಲ್ಲ ನೆನೆದು, ತಾವು ಕೈಹಾಕಿದವುಗಳಲ್ಲಿ ನೋಟಕ್ಕೆ ಅತಿ ಕುರೂಪವಾದುದು ಈ ಗುಜರಿಯ ಬಯಲೇ ಆದರೂ ತಮಗೆ ಅತಿ ಸುಂದರವಾಗಿ ಕಾಣುವುದೂ ಅದೇ ಎಂಬ ಅಭಿಪ್ರಾಯವನ್ನು ತಿಳಿಸಿದರು. ಉದ್ಯಾನಶಿಲ್ಪಿಯೊಬ್ಬರು ಇಂಥ ಮಾತಾಡುವುದು ಸುಲಭವಲ್ಲ.

ಯುದ್ಧ ಮುಗಿದಮೇಲೆ, 1946ರಲ್ಲಿ, ಇಂಗ್ಲೆಂಡಿನ ಲೇಡಿ ಅಲೆನ್ ಎಂಬವರು ನಾರ್ವೆ ದೇಶದ ಪ್ರವಾಸದಲ್ಲಿದ್ದಾಗ ನಡುವೆ ಕೋಪನ್‌ಹೇಗನ್ನಿನಲ್ಲಿ ತಂಗಿದರು. ಅವರೂ ಉದ್ಯಾನಶಿಲ್ಪಿಗಳೇ; ತಾಯ್ತಂದೆಗಳಿಲ್ಲದ ಮಕ್ಕಳ ಪೋಷಣೆಯ ವಿಷಯದಲ್ಲಿ ಹೋರಾಡಿ ಹೆಸರಾದವರು. ಎಂಡ್ರುಪಿನ ಬಯಲನ್ನು ಕಂಡು ಅವರಿಗೆ ಲಂಡನ್ ನಗರದ ನೆನಪಾಯಿತು. ಜರ್ಮನರ ಬಾಂಬುಗಳಿಂದ ನೆಲಸಮವಾದ ನೂರಾರು ನಿವೇಶನಗಳು ಅಲ್ಲಿ ಹಾಳುಬಿದ್ದಿದ್ದವು. ಮಕ್ಕಳು ಹೇಗೂ ಅಲ್ಲಿಯೇ ಕದ್ದು ಆಡುತ್ತಿದ್ದರು. ಆ ವರ್ಷವೇ ‘ಪಿಕ್ಚರ್ ಪೋಸ್ಟ್’ ಎಂಬ ಸಚಿತ್ರ ಪತ್ರಿಕೆಯಲ್ಲಿ ಅವರು ಈ ನಿವೇಶನಗಳನ್ನು ಮಕ್ಕಳಿಗೆ ಬಿಟ್ಟುಕೊಡಬಾರದೇಕೆ ಎಂದು ಬರೆದರು. 1948ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್ ಎಂಬಲ್ಲಿ ಮೊದಲನೆಯ ಬಯಲು ತೆರೆಯಿತು. ಅದು ಬಹುಕಾಲ ಬಾಳಲಿಲ್ಲ. ಆದರೆ ಮತ್ತೆ ಕೆಲವು ಹುಟ್ಟಿದವು. ‘ಗುಜರಿ’ ಎಂಬ ಹೆಸರನ್ನು ಕೇಳಿಯೇ ನಗರಸಭೆಯ ಸದಸ್ಯರು ಮುಖ ಕಿವುಚುತ್ತಿದ್ದುದರಿಂದ ‘ಸಾಹಸದ ಆಟದ ಬಯಲು’ ಎಂದು ಹೆಸರನ್ನು ಬದಲಿಸಿದರು. ಹಲಗೆ, ಮೊಳೆ, ಇಟ್ಟಿಗೆಗಳು ಅವೇ. ಹೆಸರು ಬದಲಾದೊಡನೆ ಗೌರವ ಬಂದಿತು.

ಇನ್ನು ಇದರ ತತ್ತ್ವವನ್ನು ನೋಡೋಣ. ಮಕ್ಕಳು ಜಾರುಬಂಡೆಯನ್ನು ಬಿಟ್ಟು ಇಟ್ಟಿಗೆಯ ಗುಡ್ಡೆಗೆ ಓಡುವುದೇಕೆ? ಸೈಮನ್ ನಿಕೊಲ್‌ಸನ್ ಎಂಬ ಇಂಗ್ಲಿಷ್ ಕಲಾವಿದರು 1971ರಲ್ಲಿ ಬರೆದ ಲೇಖನವೊಂದರಲ್ಲಿ ಇದಕ್ಕೆ ಬಹಳ ಸರಳವಾದ ಉತ್ತರವನ್ನು ಕೊಟ್ಟರು. ಯಾವ ಸನ್ನಿವೇಶದಲ್ಲಾಗಲಿ ಹೊಸದನ್ನು ಕಂಡುಹಿಡಿಯುವ ಅವಕಾಶವು ಅಲ್ಲಿರುವ ‘ಬಿಡಿ ವಸ್ತು’ಗಳ ಸಂಖ್ಯೆಯನ್ನೂ ಬಗೆಯನ್ನೂ ಅನುಸರಿಸಿರುತ್ತದೆ ಎಂಬುದೇ ಅವರ ಸಿದ್ಧಾಂತ. ಜಾರುಬಂಡೆಯು ನೆಲಕ್ಕೆ ಕಚ್ಚಿಕೊಂಡಿರುವ ಒಂದೇ ವಸ್ತು. ಅದರಲ್ಲಿ ಮಾಡಬಹುದಾದುದು ಜಾರುವುದೊಂದೇ. ಮಗುವು ಅದನ್ನು ಹಿಂದುಮುಂದಾಗಿ ಏರಿದರೆ ಅದಕ್ಕೂ ಬೈಗುಳ ಬರುವುದುಂಟು. ನಾಲ್ಕು ಹಲಗೆಗಳು ಮಾತ್ರ ಇವತ್ತು ಹಡಗಾಗಿ, ನಾಳೆ ಅಂಗಡಿಯಾಗಿ, ನಾಡಿದ್ದು ಕಾಲುವೆಯ ಮೇಲಣ ಸೇತುವೆಯಾಗಬಲ್ಲವು. ಸೇತುವೆ ಕುಸಿದರೆ ಏಕೆ ಕುಸಿಯಿತೆಂದು ಆಲೋಚಿಸುವ ಕೆಲಸವೂ ಮಗುವಿನದೇ. ಎಲ್ಲವನ್ನೂ ಯೋಚಿಸಿ ಮುಗಿಸಿಟ್ಟವರು ರಚನಾಕಾರರಾದುದರಿಂದ ಆಟದ ಸುಖವನ್ನೂ ಅವರೇ ಉಂಡುಬಿಟ್ಟರು, ಮಕ್ಕಳಿಗೆ ಉಳಿದುದು ಎಂಜಲು ಎಂಬರ್ಥದ ದೂರು ನಿಕೊಲ್‌ಸನ್ನರದು.

ನಮ್ಮವರಿಗೆ ಇದು ಹೊಸ ಮಾತಲ್ಲ. ಲಗೋರಿಗೆ ಬೇಕಾದುದು ಏಳು ಬಿಲ್ಲೆ, ಒಂದು ಚೆಂಡು. ಚಿನ್ನಿದಾಂಡಿಗೆ ಬೇಕಾದುದು ಎರಡು ಕೋಲು. ಆ ಚಿನ್ನಿಯ ಎರಡು ತುದಿಗಳನ್ನೂ ಕತ್ತಿಯಿಂದ ಕೆತ್ತಿ ಚೂಪು ಮಾಡಿಕೊಳ್ಳುತ್ತಿದ್ದವರು ಆಡುವ ಹುಡುಗರೇ. ಗಾಳಿಪಟಕ್ಕೆ ಬಿದಿರು ಸೀಳುವುದು, ಅಂಟು ಕಲಸುವುದು, ಬಾಲಂಗೋಚಿಯ ತೂಕವನ್ನು ಹೆಚ್ಚುಕಡಿಮೆ ಮಾಡಿ ಪರೀಕ್ಷಿಸುವುದು ಇವೆಲ್ಲ ಹಾರಿಸುವ ಮುನ್ನಿನ ಆಟಗಳು. ಒಂದು ರೀತಿಯಲ್ಲಿ ಹಾರಿಸುವುದಕ್ಕಿಂತ ದೊಡ್ಡ ಆಟಗಳು. ಇವತ್ತು ಪಟವು ಅಂಗಡಿಯಿಂದ ಬರುತ್ತದೆ, ಚಿನ್ನಿಯು ಬರುವುದೇ ಇಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ನನ್ನಂಥವರಿಗೆ ಇದರ ಫಲವು ಪ್ರತಿ ವರ್ಷವೂ ಕಣ್ಣಿಗೆ ಬೀಳುತ್ತದೆ. ಸನ್ನೆಗೋಲಿನ ಸೂತ್ರವನ್ನು ಕರಿಹಲಗೆಯ ಮೇಲೆ ತಪ್ಪಿಲ್ಲದೆ ಬರೆದು ತೋರಿಸುವ ಜಾಣ ವಿದ್ಯಾರ್ಥಿಯು, ಸಿಕ್ಕಿಕೊಂಡ ಕಿಟಕಿಯನ್ನು ತೆರೆಯಲು ಸನ್ನೆಯನ್ನು ಎಲ್ಲಿ ಕೊಡಬೇಕೆಂದು ತಿಳಿಯದೆ ಜವಾನನನ್ನು ಕೂಗುತ್ತಾನೆ. ಅವನಲ್ಲಿ ಬುದ್ಧಿಗೆ ಕೊರತೆಯಿಲ್ಲ. ಅವನ ಬುದ್ಧಿಗೂ ಕೈಗೂ ಎಂದೂ ಪರಿಚಯವಾಗಿಲ್ಲ.

ಇದುವರೆಗೆ ಹೇಳಿದುದು ಸೃಷ್ಟಿಶಕ್ತಿಯ ಮಾತಾಯಿತು. ಅಪಾಯದ ಮಾತು ಇದಕ್ಕಿಂತ ಕಠಿಣವಾದುದು. ನಾರ್ವೆ ದೇಶದ ಎಲೆನ್ ಸಾಂಡ್‌ಸೆಟರ್ ಎಂಬ ವಿದುಷಿಯು ಮಕ್ಕಳು ತಾವಾಗಿ ಅರಸಿಕೊಂಡು ಹೋಗುವ ಅಪಾಯಗಳನ್ನು ಬಹುಕಾಲ ಗಮನಿಸಿ, 2007ರಲ್ಲಿ ಅವುಗಳನ್ನು ಆರು ಬಗೆಯಾಗಿ ವಿಂಗಡಿಸಿದರು: ಎತ್ತರ, ವೇಗ, ಹರಿತವಾದ ಉಪಕರಣ, ಬೆಂಕಿ ನೀರುಗಳಂಥ ಅಪಾಯದ ಸ್ಥಳ, ಹೊಯ್‌ಕೈ ಹೋರಾಟದ ಆಟ, ಹಿರಿಯರಿಂದ ಮರೆಯಾಗಿ ಒಂಟಿಯಾಗಿರುವುದು. ಈ ಪಟ್ಟಿಯನ್ನು ಓದುವಾಗ ನಮಗೆ ನಮ್ಮ ಊರುಗಳ ಆಟಗಳೇ ನೆನಪಿಗೆ ಬರುತ್ತವೆ. ಎತ್ತರಕ್ಕೆ ಮರಕೋತಿಯಾಟ, ವೇಗಕ್ಕೆ ಪಂಚಮಿಯ ಜೋಕಾಲಿ, ಉಪಕರಣಕ್ಕೆ ಮೇಲೆ ಹೇಳಿದ ಚಿನ್ನಿ ಕೆತ್ತುವ ಕತ್ತಿ, ಬೆಂಕಿಗೆ ಕಾಮನ ಹಬ್ಬ, ಅದಕ್ಕಾಗಿ ಕಟ್ಟಿಗೆ ಕದಿಯುವ ರಾತ್ರಿಗಳು, ಹೋರಾಟಕ್ಕೆ ಮರಳ ಮೇಲಣ ಕುಸ್ತಿ, ಮರೆಯಾಗುವುದಕ್ಕೆ ಕಣ್ಣಾಮುಚ್ಚಾಲೆ. ನಾರ್ವೆಯ ಹಿಮದಲ್ಲಿ ಬೆಳೆದ ಮಗುವೂ ನಮ್ಮ ಬಯಲುಸೀಮೆಯ ಮಗುವೂ ಒಂದೇ ಆರು ಬಾಗಿಲುಗಳನ್ನು ತಟ್ಟುತ್ತಿರುವುದಾದರೆ, ಇದು ಕೆಟ್ಟ ಸಹವಾಸದಿಂದ ಬಂದ ಚಾಳಿಯಲ್ಲ, ಬೆಳವಣಿಗೆಯ ಒಂದು ಅಂಗವೆಂದು ಊಹಿಸುವುದು ನ್ಯಾಯವಾಗಿದೆ.

ಅಂಗವೆಂದರೆ ಏನು ಕಾರ್ಯಕ್ಕೆ? 2011ರಲ್ಲಿ ಸಾಂಡ್‌ಸೆಟರರೂ ಲೈಫ್ ಕೆನೇರ್ ಎಂಬ ಮನಶ್ಶಾಸ್ತ್ರಜ್ಞರೂ ಕೂಡಿ ಒಂದು ವಾದವನ್ನು ಮುಂದಿಟ್ಟರು. ಎತ್ತರ, ನೀರು, ಕತ್ತಲೆ, ತಾಯಿಯ ಅಗಲಿಕೆ ಇವುಗಳ ಭಯವು ಶಿಶುವಿಗೆ ಸಹಜವಾಗಿ ಬರುತ್ತದೆ, ಬರಬೇಕಾದುದೂ ಹೌದು. ಅದಿಲ್ಲದಿದ್ದರೆ ಶಿಶುವು ಬಾಳಲಾರದು. ಆದರೆ ಮಗು ಬೆಳೆದು ಕೈಕಾಲು ಬಲಿತಂತೆ ಆ ಭಯವು ಮೊದಲಿನ ಪ್ರಮಾಣದಲ್ಲಿಯೇ ಉಳಿದರೆ ಅದು ರೋಗವಾಗುತ್ತದೆ. ಅದನ್ನು ಇಳಿಸುವ ಮದ್ದೇ ಅಪಾಯದ ಆಟ. ಮಗುವು ಇವತ್ತು ಎರಡನೆಯ ಕೊಂಬೆಯವರೆಗೆ ಏರಿ ಎದೆ ಡವಗುಟ್ಟಿದೊಡನೆ ಇಳಿಯುವುದು. ನಾಲ್ಕು ದಿನದ ಮೇಲೆ ಮೂರನೆಯ ಕೊಂಬೆ. ಭಯದ ಪ್ರಮಾಣವನ್ನು ಅಳೆದು ತನಗೆ ತಾನೇ ಕೊಟ್ಟುಕೊಳ್ಳುವ ವೈದ್ಯನು ಮಗುವೇ. ನಮ್ಮಲ್ಲಿ ಈಜು ಕಲಿಸುತ್ತಿದ್ದ ಕ್ರಮವನ್ನು ಹಿರಿಯರು ಬಲ್ಲರು. ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿಕೊಂಡು ಹುಡುಗನು ಬಾವಿಗೆ ಇಳಿಯುವನು, ಬಲ್ಲವರೊಬ್ಬರು ಮೆಟ್ಟಿಲ ಮೇಲೆ ಕಾದಿರುವರು. ಧೈರ್ಯ ಬಂದ ದಿನ ಬುರುಡೆಯನ್ನು ಕಳಚುವನು. ಶಾಸ್ತ್ರವು ಇಷ್ಟೆ.

ಇದಕ್ಕೆ ಸಂಬಂಧಪಟ್ಟ ಒಂದು ಪರಿಶೋಧನೆಯು ನನಗೆ ಬಹಳ ಆಶ್ಚರ್ಯವನ್ನುಂಟುಮಾಡಿತು. ನ್ಯೂಜಿಲೆಂಡ್ ದೇಶದ ಡನೆಡಿನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ವಿದ್ವಾಂಸರು ಹುಟ್ಟಿನಿಂದ ಗಮನಿಸುತ್ತ ಬಂದಿದ್ದಾರೆ. ಐದರಿಂದ ಒಂಬತ್ತು ವರ್ಷಗಳ ನಡುವೆ ಬಿದ್ದು ಪೆಟ್ಟು ಮಾಡಿಕೊಂಡವರಿಗೆ ಹದಿನೆಂಟನೆಯ ವಯಸ್ಸಿನಲ್ಲಿ ಎತ್ತರದ ಭಯ ಹೆಚ್ಚಾಗಿರುವುದೇ ಎಂದು ಅವರು ನೋಡಿದರು. ಸಾಮಾನ್ಯ ಬುದ್ಧಿಗೆ ತೋರುವುದು ಹೌದೆಂದೇ. ಬಿಸಿಹಾಲು ಕುಡಿದ ಬೆಕ್ಕಿನ ಕಥೆಯನ್ನು ನಾವೆಲ್ಲರೂ ಬಲ್ಲೆವು. 1998ರಲ್ಲಿ ಪ್ರಕಟವಾದ ಫಲವು ಇದಕ್ಕೆ ವಿರುದ್ಧವಾಗಿತ್ತು. ಎತ್ತರಕ್ಕೆ ಅತಿಯಾಗಿ ಹೆದರುತ್ತಿದ್ದವರಲ್ಲಿ ಹಾಗೆ ಬಿದ್ದು ಗಾಯಗೊಂಡವರ ಪಾಲು ಕಡಿಮೆಯೇ ಆಗಿತ್ತು. ಬೀಳುವುದು ಭಯಕ್ಕೆ ಔಷಧವೆಂದು ಇದರಿಂದ ಸಿದ್ಧಾಂತ ಮಾಡಬಾರದು. ಹುಟ್ಟಿನಿಂದಲೇ ಎತ್ತರಕ್ಕೆ ಅಂಜದ ಮಕ್ಕಳು ಹೆಚ್ಚಾಗಿ ಏರಿ ಹೆಚ್ಚಾಗಿ ಬಿದ್ದಿರಲೂಬಹುದು. ಆದರೆ ಒಮ್ಮೆ ಬಿದ್ದ ಮಗು ಜೀವಮಾನವೆಲ್ಲ ಹೆದರಿ ಸಾಯುವುದೆಂಬ ನಮ್ಮ ಕಲ್ಪನೆಗೆ ಮಾತ್ರ ಇಲ್ಲಿ ಆಧಾರ ದೊರೆಯುವುದಿಲ್ಲ.

ಈ ಸ್ಥಳದಲ್ಲಿ ತಾಯಂದಿರೊಬ್ಬರು ಎದ್ದು, “ಸ್ವಾಮೀ, ನಿಮ್ಮ ಮಾತು ಕೇಳಿ ನಾನು ಸುಮ್ಮನಿದ್ದು, ನನ್ನ ಮಗು ಬಾವಿಗೆ ಬಿದ್ದರೆ ನೀವು ಬಂದು ತಂದುಕೊಡುವಿರಾ?” ಎಂದು ಕೇಳಿದರೆ ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕತಕ್ಕದ್ದಲ್ಲ. ಮಕ್ಕಳು ಸಾಯುವುದು ನಿಜ. ಲೋಕದಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಮರಣಕ್ಕೆ ಮುಖ್ಯ ಕಾರಣಗಳಲ್ಲಿ ನೀರಿನಲ್ಲಿ ಮುಳುಗುವುದು ಒಂದೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಣಿಸಿದೆ. ನಮ್ಮ ದೇಶದಲ್ಲಿ ಮುಚ್ಚದೆ ಬಿಟ್ಟ ಕೊಳವೆಬಾವಿಗಳಿಗೆ ಮಕ್ಕಳು ಬೀಳುವುದು ಎಷ್ಟು ಸಲ ನಡೆಯಿತೆಂದರೆ, 2010ರಲ್ಲಿ ಸುಪ್ರೀಂ ಕೋರ್ಟು ಅದಕ್ಕಾಗಿಯೇ ನಿಯಮಗಳನ್ನು ವಿಧಿಸಬೇಕಾಯಿತು. ಇಂಥ ಸಾವುಗಳ ಮುಂದೆ ನಿಂತು ಅಪಾಯವನ್ನು ಹೊಗಳುವವನು ಹೃದಯವಿಲ್ಲದವನಾಗಿರಬೇಕು.

ಆದುದರಿಂದ ಎರಡು ಬಗೆಯ ಅಪಾಯಗಳನ್ನು ಬೇರೆ ಮಾಡಿ ನೋಡುವುದು ಅವಶ್ಯಕ. ಮಗುವಿಗೆ ಕಾಣುವ ಅಪಾಯವೊಂದು, ಕಾಣದ ಅಪಾಯವೊಂದು. ಮರವು ಎಷ್ಟು ಎತ್ತರವೆಂಬುದು ಮಗುವಿಗೆ ಕಾಣುತ್ತದೆ. ಏರುವುದೋ ಬಿಡುವುದೋ ಎಂದು ಅದು ತೂಗಿ ನೋಡಬಲ್ಲದು. ಅದೇ ಮರದ ಕೊಂಬೆಯೊಂದು ಒಳಗೆ ಗೆದ್ದಲು ಹತ್ತಿ ಟೊಳ್ಳಾಗಿದ್ದರೆ ಅದು ಮಗುವಿಗೆ ಕಾಣದು. ಸುತ್ತಿಗೆಯು ಬೆರಳಿಗೆ ಬಿದ್ದೀತೆಂಬುದು ಕಾಣುವ ಅಪಾಯ. ಸುತ್ತಿಗೆಯ ತಲೆ ಕಾವಿನಿಂದ ಸಡಿಲವಾಗಿರುವುದು ಕಾಣದ ಅಪಾಯ. ಹುಲ್ಲು ಮುಚ್ಚಿದ ಕೊಳವೆಬಾವಿ, ತೊಗಲು ಸುಲಿದ ವಿದ್ಯುತ್ತಿನ ತಂತಿ, ಕೆಸರು ತುಂಬಿ ಆಳ ತಿಳಿಯದ ಕೆರೆಯ ಗುಂಡಿ, ತಿರುವಿನಿಂದ ಥಟ್ಟನೆ ನುಗ್ಗುವ ಲಾರಿ ಇವೆಲ್ಲ ಎರಡನೆಯ ಬಗೆಯವು. ಇವುಗಳಿಂದ ಮಗುವು ಕಲಿಯುವುದು ಏನೂ ಇಲ್ಲ. ಕಲಿಯುವಷ್ಟು ಅವಕಾಶವನ್ನು ಇವು ಕೊಡುವುದೂ ಇಲ್ಲ. ಇವನ್ನು ಹುಡುಕಿ ತೆಗೆಯುವುದು ಹಿರಿಯರ ಕೆಲಸ, ನಗರಸಭೆಯ ಕೆಲಸ. ಮೊದಲನೆಯ ಬಗೆಯನ್ನು ತೆಗೆಯುವುದು ಯಾರ ಕೆಲಸವೂ ಅಲ್ಲ. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ತಲೆಕೆಳಗು: ಕೊಳವೆಬಾವಿ ಬಾಯಿ ತೆರೆದುಕೊಂಡೇ ಇರುತ್ತದೆ, ಮರ ಹತ್ತಿದ ಹುಡುಗನಿಗೆ ಏಟು ಬೀಳುತ್ತದೆ.

ಈ ವಿವೇಕವು ಈಗ ಅಧಿಕಾರಸ್ಥಾನಗಳಿಂದಲೂ ಕೇಳಿಬರುತ್ತಿದೆ. ಕಾರ್ಖಾನೆಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಬ್ರಿಟನ್ನಿನ ಸರ್ಕಾರಿ ಇಲಾಖೆಯು 2012ರಲ್ಲಿ ಪ್ರಕಟಣೆಯೊಂದನ್ನು ಹೊರಡಿಸಿ, ಆಟದಲ್ಲಿ ಅಪಾಯವನ್ನು ಪೂರ್ತಿಯಾಗಿ ಇಲ್ಲವಾಗಿಸುವುದು ಗುರಿಯಲ್ಲವೆಂದೂ, ಲಾಭವನ್ನೂ ಅಪಾಯವನ್ನೂ ಜೊತೆಯಾಗಿಟ್ಟು ತೂಗಬೇಕೆಂದೂ ತಿಳಿಸಿತು. 2024ರಲ್ಲಿ ಕೆನಡಾ ದೇಶದ ಮಕ್ಕಳ ವೈದ್ಯರ ಸಂಘವು ಹೊರಾಂಗಣದ ಅಪಾಯದ ಆಟವು ಮಕ್ಕಳ ದೇಹಕ್ಕೂ ಮನಸ್ಸಿಗೂ ಹಿತವೆಂದು ತನ್ನ ಅಭಿಪ್ರಾಯವನ್ನು ಪ್ರಕಟಿಸಿತು. ಮುರಿದ ಮೂಳೆಗಳನ್ನು ಕಟ್ಟುವವರೇ ಆಡಿದ ಮಾತಾದುದರಿಂದ ಇದಕ್ಕೆ ಹೆಚ್ಚಿನ ಬೆಲೆಯುಂಟು.

ಬೀದಿಯ ವಿಷಯವಾಗಿ ಒಂದು ಮಾತು. ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ನೂರಕ್ಕೆ 80 ಮಂದಿ ಹಿರಿಯರ ಸಹಾಯವಿಲ್ಲದೆ ಶಾಲೆಗೆ ಹೋಗುತ್ತಿದ್ದರು; 1990ರ ಹೊತ್ತಿಗೆ ಆ ಸಂಖ್ಯೆ ನೂರಕ್ಕೆ 9ಕ್ಕೆ ಇಳಿದಿತ್ತು. ಮೇಯರ್ ಹಿಲ್‌ಮನ್ ಎಂಬವರೂ ಅವರ ಸಂಗಡಿಗರೂ ಈ ಲೆಕ್ಕವನ್ನು ತೆಗೆದವರು. ಬೀದಿಯಲ್ಲಿ ಸಾಯುವ ಮಕ್ಕಳ ಸಂಖ್ಯೆ ಕಡಿಮೆಯಾಯಿತೆಂದು ಅಧಿಕಾರಿಗಳು ಸಂತೋಷಪಡುತ್ತಿದ್ದರು. ಬೀದಿಯು ಸುರಕ್ಷಿತವಾದುದರಿಂದ ಹಾಗಾಗಲಿಲ್ಲ, ಮಕ್ಕಳನ್ನು ಬೀದಿಯಿಂದ ಹಿಂದಕ್ಕೆ ಕರೆದುಕೊಂಡುದರಿಂದ ಹಾಗಾಯಿತೆಂದು ಹಿಲ್‌ಮನ್ನರು ತೋರಿಸಿದರು. ಬೆಂಗಳೂರಿನ ಬಡಾವಣೆಗಳಲ್ಲಿ ವಾಸಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದೆ ಲಗೋರಿಯ ಕಣವಾಗಿದ್ದ ಅಡ್ಡರಸ್ತೆಗಳಲ್ಲಿ ಇಂದು ಎರಡು ಸಾಲಾಗಿ ಮೋಟಾರುಗಳು ನಿಂತಿವೆ. ಮಕ್ಕಳ ಕೈಯಿಂದ ಬಯಲನ್ನು ಕಿತ್ತುಕೊಂಡುದು ಮೋಟಾರು. ಅಪವಾದವನ್ನು ಹೊತ್ತುದು ಮರ, ಬಾವಿ, ಚಿನ್ನಿದಾಂಡು.

ಇನ್ನೊಂದು ಆಕ್ಷೇಪಣೆಯನ್ನು ನನ್ನ ಮಿತ್ರರೊಬ್ಬರು ಎತ್ತಿದರು. ಇದಕ್ಕೆ ಉತ್ತರ ಹೇಳುವುದು ಕಷ್ಟ. “ಕತ್ತಿ, ಬೆಂಕಿ, ಸುತ್ತಿಗೆ ನಿಮ್ಮ ಮಕ್ಕಳಿಗೆ ಆಟ, ಗ್ಯಾರೇಜಿನಲ್ಲಿ ದುಡಿಯುವ ಹುಡುಗನಿಗೆ, ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನಿಗೆ ಅದೇ ಹೊಟ್ಟೆಪಾಡು. ಅವನಿಗೂ ನಿಮ್ಮ ಶಾಸ್ತ್ರ ಅನ್ವಯಿಸುವುದೋ?” ಎಂದರು. ಅನ್ವಯಿಸುವುದಿಲ್ಲ. ಆಟದ ಲಕ್ಷಣವೇ ಬೇಡವೆನಿಸಿದಾಗ ಬಿಡುವ ಸ್ವಾತಂತ್ರ್ಯ. ಆ ಹುಡುಗನು ಕೈ ಸುಟ್ಟುಕೊಂಡರೂ ಬಿಡುವಂತಿಲ್ಲ. ಎಷ್ಟು ಭಯವನ್ನು ತಾಳಬಲ್ಲೆನೆಂದು ಅಳೆಯುವವನು ಅವನಲ್ಲ, ಯಜಮಾನ. ಅವನ ಕೈಗೆ ಉಪಕರಣ ಸಿಕ್ಕಿದೆ, ಆಟ ಸಿಕ್ಕಿಲ್ಲ. 1989ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯಲ್ಲಿ ವಿಶ್ರಾಂತಿಯನ್ನೂ ಆಟವನ್ನೂ ಒಟ್ಟಿಗೆ ಹೇಳಿರುವುದು ಇದಕ್ಕಾಗಿಯೇ ಎಂದು ನನಗೆ ತೋರುತ್ತದೆ. ಭಾರತವು 1992ರಲ್ಲಿ ಆ ಒಡಂಬಡಿಕೆಗೆ ಒಪ್ಪಿಗೆಯಿತ್ತಿತು. ಹೆಣ್ಣುಮಕ್ಕಳ ಸ್ಥಿತಿಯೂ ಒಂದು ಬಗೆಯಲ್ಲಿ ಹೀಗೆಯೇ. ಎಂಟು ವರ್ಷದ ಹುಡುಗಿಯು ಉರಿಯುವ ಒಲೆಯ ಮುಂದೆ ಹಾಲು ಕಾಯಿಸಬಹುದು, ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚಬಹುದು, ಮರ ಹತ್ತಿದರೆ ಮಾತ್ರ “ಹೆಣ್ಣುಮಗು ಹೀಗೆ ಮಾಡಬಹುದೇ?” ಎನ್ನುವರು. ಅಪಾಯದ ವಿಷಯವಾಗಿ ನಮಗಿರುವ ಅಂಜಿಕೆ ಎಷ್ಟು, ಮರ್ಯಾದೆಯ ವಿಷಯವಾಗಿ ಇರುವುದೆಷ್ಟು ಎಂಬುದು ಇಂಥ ಕಡೆಗಳಲ್ಲಿ ಬಯಲಾಗುತ್ತದೆ.

ಹಿರಿಯರು ಏನು ಮಾಡಬೇಕು? ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರಾಗಲಿ, ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿದ ಶಿವರಾಮ ಕಾರಂತರಾಗಲಿ ಮಕ್ಕಳಿಗೆ ಸ್ವಾತಂತ್ರ್ಯ ಕೊಡುವುದೆಂದರೆ ಅವರನ್ನು ಕೈಬಿಡುವುದೆಂದು ತಿಳಿದವರಲ್ಲ. ಬರ್ಟೆಲ್‌ಸೆನ್ನರು ದಿನವೂ ಬಯಲಿನಲ್ಲಿಯೇ ಇದ್ದರು. ಇರುವುದು ಬೇರೆ, ಆಳುವುದು ಬೇರೆ. ಮರದ ವಿಷಯದಲ್ಲಿ ಅನುಭವಿಗಳು ಪಾಲಿಸುವ ನಿಯಮವೊಂದುಂಟು: ಮಗುವನ್ನು ಎತ್ತಿ ಕೊಂಬೆಯ ಮೇಲೆ ಕೂರಿಸಬಾರದು. ತಾನೇ ಏರಿದ ಮಗುವಿಗೆ ಏರಿದ ದಾರಿ ಕೈಕಾಲುಗಳಲ್ಲಿ ನೆನಪಿರುತ್ತದೆ, ಇಳಿಯಬಲ್ಲದು. ಎತ್ತಿ ಕೂರಿಸಿದ ಮಗುವಿಗೆ ಆ ನೆನಪಿಲ್ಲ. ಏರುತ್ತಿರುವಾಗ “ಬಿದ್ದೀಯೆ” ಎಂದರೆ ಅದರ ಗಮನವು ಕಾಲಿನಿಂದ ನಮ್ಮ ಮುಖಕ್ಕೆ ಬರುತ್ತದೆ. “ಮುಂದಿನ ಕಾಲನ್ನು ಎಲ್ಲಿಡುವೆಯಪ್ಪ?” ಎಂದು ಕೇಳಿದರೆ ಗಮನವು ಕೊಂಬೆಯ ಮೇಲೆಯೇ ನಿಲ್ಲುತ್ತದೆ. ಉಪಕರಣಗಳಲ್ಲಿ ಮೊಂಡಾದ ಕತ್ತಿಯು ಹರಿತವಾದುದಕ್ಕಿಂತ ಕೆಟ್ಟದು. ಬಲವಾಗಿ ಒತ್ತಬೇಕಾಗಿ ಬಂದು ಜಾರುತ್ತದೆ. ಬಡಗಿಗಳಿಗೆ ಇದು ಗೊತ್ತು, ತಾಯ್ತಂದೆಗಳಿಗೆ ಗೊತ್ತಿಲ್ಲ. ಚಿಕ್ಕ ಮಗುವೆಂದು ಆಟಿಕೆಯ ಸುತ್ತಿಗೆಯನ್ನು ಕೊಡುವುದಕ್ಕಿಂತ ನಿಜವಾದ, ತೂಕ ಕಡಿಮೆಯ ಸುತ್ತಿಗೆಯನ್ನೂ ಮೆದು ಮರದ ತುಂಡನ್ನೂ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳುವುದು ಲೇಸು.

ಜಾಗವೆಲ್ಲಿ ಎಂಬುದು ಕೊನೆಯ ಪ್ರಶ್ನೆ. ಇದಕ್ಕೆ ಜಪಾನ್ ದೇಶದವರು ಒಂದು ದಾರಿಯನ್ನು ಕಂಡುಕೊಂಡರು. ಟೋಕಿಯೊ ನಗರದ ಸೆಟಗಾಯ ವಿಭಾಗದಲ್ಲಿ, ಲೇಡಿ ಅಲೆನ್ನರ ಗ್ರಂಥವನ್ನು ಜಪಾನೀ ಭಾಷೆಗೆ ತಂದ ದಂಪತಿಗಳೂ ನೆರೆಹೊರೆಯವರೂ ಸೇರಿ ಇಂಥ ಬಯಲುಗಳನ್ನು ನಡೆಸಿ ನೋಡಿದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಹನೇಗಿ ಉದ್ಯಾನದ ಒಂದು ಭಾಗವು ನಗರಾಡಳಿತದ ಒಪ್ಪಿಗೆಯಿಂದ ಅವರಿಗೆ ದೊರೆಯಿತು. ನಿವಾಸಿಗಳೇ ಅದನ್ನು ನಡೆಸುವ ಹೊಣೆಯನ್ನು ಹೊತ್ತರು. ತಮ್ಮ ತಮ್ಮ ಹೊಣೆಯ ಮೇಲೆ ಸ್ವತಂತ್ರವಾಗಿ ಆಡುವುದೆಂಬುದು ಅಲ್ಲಿಯ ಸೂತ್ರವಾಯಿತು. ಅದನ್ನು ಹಲಗೆಯ ಮೇಲೆ ಬರೆದು ನಿಲ್ಲಿಸಿದರು. ನಮ್ಮ ಬಹುಮಹಡಿ ವಸತಿಗಳ ಸಂಘಗಳೂ ಹಲಗೆಗಳನ್ನು ನಿಲ್ಲಿಸಿವೆ: ಚೆಂಡಾಡಕೂಡದು, ಸೈಕಲ್ ತುಳಿಯಕೂಡದು, ಹುಲ್ಲಿನ ಮೇಲೆ ನಡೆಯಕೂಡದು. ಇಂಥ ಸಂಘವೊಂದು ಮನಸ್ಸುಮಾಡಿ, ಗಾಡಿಗಳು ನಿಲ್ಲುವ ಎರಡು ಸ್ಥಳಗಳಷ್ಟು ಮೂಲೆಯನ್ನು ಬಿಟ್ಟುಕೊಟ್ಟರೂ ಆರಂಭಕ್ಕೆ ಸಾಕು. ಎರಡು ಗಾಡಿ ಮಣ್ಣು, ಕಟ್ಟಡದ ಕೆಲಸದಲ್ಲಿ ಮಿಕ್ಕ ಹಲಗೆ, ಒಂದು ಸುರುಳಿ ಹಗ್ಗ, ನೀರಿನ ಒಂದು ನಲ್ಲಿ, ಸಾಯಂಕಾಲ ಎರಡು ಗಂಟೆ ಸುಮ್ಮನೆ ಕುಳಿತಿರಬಲ್ಲ ಒಬ್ಬ ಹಿರಿಯರು. ನಿವೃತ್ತರಾದ ಮಹನೀಯರಿಗೆ ನಮ್ಮ ಬಡಾವಣೆಗಳಲ್ಲಿ ಕೊರತೆಯಿಲ್ಲ. ಸುಮ್ಮನೆ ಕುಳಿತಿರುವುದನ್ನು ಅವರು ಕಲಿತುಕೊಳ್ಳಬೇಕಾಗುವುದು, ಅಷ್ಟೆ. ಹಲಗೆಗಳಲ್ಲಿ ಹಳೆಯ ಮೊಳೆಗಳು ಉಳಿದಿರುತ್ತವೆ. ಅವನ್ನು ಕೀಳುವುದೇ ಮೊದಲ ವಾರದ ಕೆಲಸ. ಮೊಳೆ ಕೀಳುವ ಇಕ್ಕಳವನ್ನು ಮಕ್ಕಳ ಕೈಗೆ ಕೊಟ್ಟರೆ ಅದೂ ಒಂದು ಆಟವೇ ಆಗುವುದು.